ಲ್ಯಾಪ್‌ಟಾಪ್ ಪರದೆಯ ದೋಷಗಳು ಮತ್ತು ಪರಿಹಾರ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಜಾತಿ, ಆದಾಯ ಹಾಗೂ ವಾಸಸ್ಥಳ ಪ್ರಮಾಣಪತ್ರಗಳು ಸೇರಿದಂತೆ ರಾಜ್ಯ ಸರ್ಕಾರದ ಅನೇಕ ಸೇವೆಗಳಿಗೆ ನಾಗರಿಕರು ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಖರೀದಿಸಿದ ಲ್ಯಾಪ್‌ಟಾಪನ್ನೇ ಅನೇಕ ಕುಟುಂಬಗಳು ಈ ಕಾರ್ಯಕ್ಕೂ ಬಳಸುತ್ತವೆ. ಅರ್ಜಿ ಭರ್ತಿ ಮಾಡುತ್ತಿರುವಾಗ ಪರದೆ ಕಪ್ಪಾಗುವುದು, ಮಿನುಗುವುದು ಅಥವಾ ಕನ್ನಡ ಅಕ್ಷರಗಳು ಕಾಣದಿರುವುದು ಸಂಭವಿಸಬಹುದು. ಇಂತಹ ಸಂದರ್ಭದಲ್ಲಿ ಗಾಬರಿಗೊಂಡ ಅರ್ಜಿದಾರರು ಶುಲ್ಕವನ್ನು ಎರಡನೆಯ ಬಾರಿ ಪಾವತಿಸುವುದು, ಒಂದೇ ಸೇವೆಗೆ ಎರಡು ಅರ್ಜಿ ಸಲ್ಲಿಸುವುದು ಅಥವಾ ಹೆಸರನ್ನು ತಪ್ಪಾಗಿ ನಮೂದಿಸುವುದು ಉಂಟು. ಇವುಗಳನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಕಾಲೇಜು ಪ್ರವೇಶದ ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಮುಗಿದುಹೋಗಬಹುದು. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಇಲ್ಲಿ ತಿಳಿಸಿರುವ ಕೀಲಿಗಳು ಮತ್ತು ಆಯ್ಕೆಗಳು ವಿಂಡೋಸ್ 10 ಹಾಗೂ ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಿಗೆ ಅನ್ವಯಿಸುತ್ತವೆ.

2. ಮೊದಲು ಗಮನಿಸಬೇಕಾದ ಅಂಶ

ಪರದೆಯ ದೋಷವು ಸಾಮಾನ್ಯವಾಗಿ ಅರ್ಜಿಯ ದೋಷವಲ್ಲ. 'ಸಲ್ಲಿಸು' ಗುಂಡಿಯನ್ನು ಒತ್ತಿ ಅರ್ಜಿಯು ಸರ್ವರ್‌ಗೆ ತಲುಪಿದ್ದಲ್ಲಿ, ತದನಂತರ ಪರದೆ ಆರಿದರೂ ಅರ್ಜಿ ಉಳಿದಿರುತ್ತದೆ. ಆದುದರಿಂದ ಅರ್ಜಿದಾರರು ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

(ಅ) ಕೂಡಲೇ ಪುನಃ ಅರ್ಜಿ ಸಲ್ಲಿಸಬಾರದು. ಶುಲ್ಕವನ್ನು ಪುನಃ ಪಾವತಿಸಬಾರದು.
(ಆ) ನೋಂದಾಯಿತ ಮೊಬೈಲ್‌ಗೆ ಸ್ವೀಕೃತಿಯ ಅಥವಾ ಹಣ ಕಡಿತದ ಸಂದೇಶ ಬಂದಿದೆಯೇ ಎಂದು ಪರಿಶೀಲಿಸುವುದು.
(ಇ) ಮೊಬೈಲ್‌ನಿಂದಲೋ ಬೇರೆ ಕಂಪ್ಯೂಟರ್‌ನಿಂದಲೋ ಲಾಗಿನ್ ಆಗಿ ಅರ್ಜಿಯ ಸ್ಥಿತಿಯನ್ನು ನೋಡುವುದು. ಸೇವಾ ಸಿಂಧುವಿನಲ್ಲಿ ಅಪೂರ್ಣ ಅರ್ಜಿಗಳನ್ನು ನೋಡಲು ಪ್ರತ್ಯೇಕ ವಿಭಾಗವಿದೆ.
(ಈ) ಸ್ವೀಕೃತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು.

ಸ್ವೀಕೃತಿ ಸಂಖ್ಯೆಯ ಮಹತ್ವ ಹೀಗಿದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ನಿಗದಿತ ಕಾಲಮಿತಿಯನ್ನು ಸ್ವೀಕೃತಿಯ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ವಿಳಂಬವಾದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚವನ್ನು ಕೋರುವುದಕ್ಕೂ, ಮೇಲ್ಮನವಿ ಸಲ್ಲಿಸುವುದಕ್ಕೂ ಈ ಸಂಖ್ಯೆಯೇ ಆಧಾರ.

3. ಪರದೆ ಸಂಪೂರ್ಣ ಕಪ್ಪಾಗಿದ್ದಲ್ಲಿ

ಫ್ಯಾನಿನ ಸದ್ದು ಕೇಳುತ್ತಿದ್ದು ದೀಪಗಳು ಉರಿಯುತ್ತಿದ್ದಲ್ಲಿ ಯಂತ್ರವು ಚಾಲನೆಯಲ್ಲಿದೆ ಎಂದು ತಿಳಿಯಬಹುದು. ವಿದ್ಯುತ್ ಗುಂಡಿಯನ್ನು ದೀರ್ಘಕಾಲ ಒತ್ತಿ ಯಂತ್ರವನ್ನು ನಿಲ್ಲಿಸಿದರೆ ಉಳಿಸದೇ ಇರುವ ಮಾಹಿತಿ ನಷ್ಟವಾಗುತ್ತದೆ. ಆ ಕ್ರಮವನ್ನು ಕೊನೆಗೆ ಇರಿಸಿಕೊಂಡು, ಮೊದಲು ಈ ಕೆಳಕಂಡವುಗಳನ್ನು ಅನುಕ್ರಮವಾಗಿ ಪ್ರಯತ್ನಿಸುವುದು:

(ಅ) ಯಾವುದಾದರೊಂದು ಕೀಲಿಯನ್ನು ಒತ್ತಿ ಅಥವಾ ವಿದ್ಯುತ್ ಗುಂಡಿಯನ್ನು ಒಮ್ಮೆ ಮೆಲ್ಲನೆ ಒತ್ತಿ ಕಾಯುವುದು. ಯಂತ್ರವು ನಿದ್ರಾಸ್ಥಿತಿಯಲ್ಲಿದ್ದರೆ ಎಚ್ಚರಗೊಳ್ಳುತ್ತದೆ.
(ಆ) ಕೀಲಿಮಣೆಯ ಮೇಲಿನ ಸಾಲಿನಲ್ಲಿ ಸೂರ್ಯನ ಚಿಹ್ನೆ ಇರುವ ಕೀಲಿಯಿಂದ ಬೆಳಕನ್ನು ಹೆಚ್ಚಿಸುವುದು. ಕೆಲವು ಮಾದರಿಗಳಲ್ಲಿ ಎಫ್‌ಎನ್ ಕೀಲಿಯನ್ನು ಜೊತೆಗೆ ಒತ್ತಬೇಕಾಗುತ್ತದೆ.
(ಇ) ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಏಕಕಾಲದಲ್ಲಿ ಒತ್ತುವುದು. ಇದರಿಂದ ಚಿತ್ರವನ್ನು ಪರದೆಗೆ ಕಳುಹಿಸುವ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ತೆರೆದಿರುವ ಅರ್ಜಿ ಮುಚ್ಚಿಹೋಗುವುದಿಲ್ಲ.
(ಈ) ಮನೆಯಲ್ಲಿರುವ ಟಿ.ವಿ. ಅಥವಾ ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಮೂಲಕ ಲ್ಯಾಪ್‌ಟಾಪನ್ನು ಜೋಡಿಸುವುದು. ಚಿತ್ರ ಬಾರದಿದ್ದಲ್ಲಿ ವಿಂಡೋಸ್ ಕೀಲಿಯೊಡನೆ ಪಿ ಕೀಲಿಯನ್ನು ಒತ್ತಿ ಆಯ್ಕೆಯನ್ನು ಬದಲಾಯಿಸುವುದು.

ಟಿ.ವಿ.ಯಲ್ಲಿ ಚಿತ್ರ ಸರಿಯಾಗಿ ಕಂಡುಬಂದಲ್ಲಿ ದೋಷವು ಲ್ಯಾಪ್‌ಟಾಪಿನ ಪರದೆಯಲ್ಲಿ ಅಥವಾ ಅದರ ಕೇಬಲ್‌ನಲ್ಲಿ ಇದೆ, ಕಡತಗಳು ಸುರಕ್ಷಿತವಾಗಿವೆ. ಅರ್ಜಿಯನ್ನು ಟಿ.ವಿ.ಯಲ್ಲಿ ನೋಡುತ್ತಲೇ ಪೂರ್ಣಗೊಳಿಸಬಹುದು. ಟಿ.ವಿ.ಯಲ್ಲೂ ಚಿತ್ರ ಬಾರದಿದ್ದರೆ ದೋಷವು ಗ್ರಾಫಿಕ್ಸ್ ಭಾಗದಲ್ಲಿ, ಮೆಮೊರಿಯಲ್ಲಿ ಅಥವಾ ಮದರ್‌ಬೋರ್ಡ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು.

ಇವು ಯಾವುವೂ ಫಲ ನೀಡದಿದ್ದಾಗ ಮಾತ್ರ ವಿದ್ಯುತ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿಹಿಡಿದು ಯಂತ್ರವನ್ನು ನಿಲ್ಲಿಸುವುದು. ಚಾರ್ಜರನ್ನು ಹಾಗೂ ಹೊರಗಿನ ಎಲ್ಲಾ ಉಪಕರಣಗಳನ್ನು ಬೇರ್ಪಡಿಸಿ, ಹೊರತೆಗೆಯಬಹುದಾದ ಬ್ಯಾಟರಿಯಾಗಿದ್ದರೆ ಅದನ್ನೂ ತೆಗೆದು, ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿಯುವುದು. ನಂತರ ಬ್ಯಾಟರಿ ಮತ್ತು ಚಾರ್ಜರನ್ನು ಜೋಡಿಸಿ ಚಾಲನೆ ಮಾಡುವುದು.

4. ಪರದೆ ಮಂಕಾಗಿದ್ದಲ್ಲಿ

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಹಿಂಬದಿಯಲ್ಲಿರುವ ದೀಪದ ಬೆಳಕಿನಿಂದಲೇ ಚಿತ್ರ ಕಾಣುತ್ತದೆ. ಕಪ್ಪು ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿದಾಗ ಅಕ್ಷರಗಳು ಅಸ್ಪಷ್ಟವಾಗಿ ಕಂಡುಬಂದರೆ, ಚಿತ್ರ ಮೂಡುತ್ತಿದ್ದು ಹಿಂಬದಿಯ ದೀಪ ಮಾತ್ರ ಕೆಟ್ಟಿದೆ ಎಂದು ತಿಳಿಯಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ದೀಪವು ಸಣ್ಣ ಟ್ಯೂಬ್ ರೂಪದಲ್ಲಿದ್ದು, ಅಧಿಕ ವೋಲ್ಟೇಜ್‌ನಲ್ಲಿ ಕಾರ್ಯನಿರ್ವಹಿಸುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬಾರದು.

ಚಾರ್ಜರ್ ತೆಗೆದಾಗ ಮಾತ್ರ ಪರದೆ ಮಂಕಾಗುತ್ತಿದ್ದರೆ ಅದು ದೋಷವಲ್ಲ. ಬ್ಯಾಟರಿ ಉಳಿತಾಯದ ವ್ಯವಸ್ಥೆ. ಏಪ್ರಿಲ್ ಮತ್ತು ಮೇ ತಿಂಗಳುಗಳ ಗುಡುಗು ಮಳೆಗೆ ವಿದ್ಯುತ್ ಕಡಿತವಾಗುವುದು ಸಾಮಾನ್ಯವಾದುದರಿಂದ, ಅರ್ಜಿ ಆರಂಭಿಸುವ ಮುನ್ನ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿಕೊಳ್ಳುವುದು ಸೂಕ್ತ. ಮಿಂಚು ಗುಡುಗು ಇರುವಾಗ ಚಾರ್ಜರನ್ನು ಗೋಡೆಯ ಪ್ಲಗ್‌ನಿಂದ ತೆಗೆದು ಬ್ಯಾಟರಿಯ ಮೇಲೆ ಕೆಲಸ ಮಾಡುವುದು ಸುರಕ್ಷಿತ.

5. ಪರದೆ ಮಿನುಗುತ್ತಿದ್ದಲ್ಲಿ ಅಥವಾ ಗೆರೆಗಳು ಬಂದಲ್ಲಿ

(ಅ) ಮುಚ್ಚಳವನ್ನು ಮೆಲ್ಲನೆ ಹಿಂದೆ ಮುಂದೆ ಸರಿಸಿದಾಗ ಮಿನುಗು ಹೆಚ್ಚು ಕಡಿಮೆಯಾದರೆ, ಕೀಲಿನ ಮೂಲಕ ಹಾದುಹೋಗುವ ಕೇಬಲ್ ಸಡಿಲಗೊಂಡಿದೆ ಅಥವಾ ಸವೆದಿದೆ. ಕೇಬಲ್ ಬದಲಾವಣೆಯಿಂದ ಸರಿಹೋಗುವ ದೋಷಕ್ಕೆ ಸಂಪೂರ್ಣ ಪರದೆಯನ್ನು ಬದಲಾಯಿಸುವ ಅಗತ್ಯವಿರುವುದಿಲ್ಲ.
(ಆ) ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದೂ ಮಿನುಗಿದರೆ ಡ್ರೈವರ್ ದೋಷವೆಂದೂ, ಅದು ಸ್ಥಿರವಾಗಿದ್ದು ಉಳಿದುದು ಮಾತ್ರ ಮಿನುಗಿದರೆ ಯಾವುದೋ ತಂತ್ರಾಂಶದ ದೋಷವೆಂದೂ ಊಹಿಸಬಹುದು.
(ಇ) ವಿಂಡೋಸ್ ಅಪ್‌ಡೇಟ್ ಆದ ಬಳಿಕ ತೊಂದರೆ ಆರಂಭವಾಗಿದ್ದಲ್ಲಿ, ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಆಯ್ಕೆ ಮಾಡಿ ಹಿಂದಿನ ಡ್ರೈವರಿಗೆ ಮರಳಬಹುದು.
(ಈ) ಟಿ.ವಿ.ಗೆ ಜೋಡಿಸಿದಾಗ ಅಲ್ಲಿ ಕಾಣದೆ, ಲ್ಯಾಪ್‌ಟಾಪಿನಲ್ಲಿ ಒಂದೇ ಸ್ಥಳದಲ್ಲಿ ನಿಲ್ಲುವ ಗೆರೆ ಅಥವಾ ಮಸಿ ಹರಡಿದಂತಹ ಕಲೆ, ಪರದೆಯ ಗಾಜಿನ ಫಲಕಕ್ಕೆ ಪೆಟ್ಟಾಗಿರುವುದರ ಲಕ್ಷಣ. ಬಸ್ ಮತ್ತು ಮೆಟ್ರೋಗಳ ಜನಸಂದಣಿಯಲ್ಲಿ ಚೀಲದ ಮೇಲೆ ಬೀಳುವ ಒತ್ತಡದಿಂದ, ಅಥವಾ ಕೀಲಿಮಣೆಯ ಮೇಲೆ ಪೆನ್ನು ಇಟ್ಟು ಮುಚ್ಚಳ ಮುಚ್ಚುವುದರಿಂದ ಹೀಗಾಗುತ್ತದೆ.

ಅಂಕಿಗಳು ಮಸುಕಾಗಿ ಕಾಣುವ ಪರದೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಅಥವಾ ಆರ್‌ಡಿ ಅಕ್ಷರಗಳಿಂದ ಆರಂಭವಾಗುವ ಪ್ರಮಾಣಪತ್ರ ಸಂಖ್ಯೆಯನ್ನು ನಮೂದಿಸಬಾರದು. ಸೊನ್ನೆ ಎಂಟಾಗಿ, ಮೂರು ಎಂಟಾಗಿ ತೋರುವ ಸಂಭವವಿದೆ.

6. ಗಾತ್ರ, ದಿಕ್ಕು ಮತ್ತು ಬಣ್ಣದ ವ್ಯತ್ಯಾಸ

1366 × 768 ಅಳತೆಯ ಸಣ್ಣ ಪರದೆಗಳಲ್ಲಿ 'ಸಲ್ಲಿಸು' ಗುಂಡಿಯು ಕೆಳಗೆ ಮರೆಯಾಗಿರುವುದುಂಟು. ಕಂಟ್ರೋಲ್ ಕೀಲಿಯೊಡನೆ ಮೈನಸ್ ಕೀಲಿಯನ್ನು ಒತ್ತಿದಲ್ಲಿ ಪುಟ ಕುಗ್ಗಿ ಗುಂಡಿ ಕಾಣುತ್ತದೆ. ಕಂಟ್ರೋಲ್ ಮತ್ತು ಸೊನ್ನೆ ಒತ್ತಿದಲ್ಲಿ ಪುಟವು ಮೊದಲಿನ ಗಾತ್ರಕ್ಕೆ ಮರಳುತ್ತದೆ. ಇಡೀ ಪರದೆಯೇ ದೊಡ್ಡದಾಗಿ, ಮೌಸ್ ಚಲಿಸಿದಂತೆ ಜಾರುತ್ತಿದ್ದರೆ ಮ್ಯಾಗ್ನಿಫೈಯರ್ ಚಾಲನೆಯಾಗಿದೆ. ವಿಂಡೋಸ್ ಮತ್ತು ಎಸ್ಕೇಪ್ ಒತ್ತಿ ಅದನ್ನು ನಿಲ್ಲಿಸಬಹುದು. ಚಿತ್ರ ತಲೆಕೆಳಗಾಗಿದ್ದಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ದಿಕ್ಕನ್ನು 'ಲ್ಯಾಂಡ್‌ಸ್ಕೇಪ್' ಎಂದು ಬದಲಾಯಿಸುವುದು. ಪರದೆ ಸಂಜೆಯ ನಂತರ ಹಳದಿಯಾಗಿ ಕಾಣುವುದಕ್ಕೆ 'ನೈಟ್ ಲೈಟ್' ಕಾರಣವಾಗಿರಬಹುದು.

7. ಕನ್ನಡ ಅಕ್ಷರಗಳು ಸರಿಯಾಗಿ ಕಾಣದಿದ್ದಲ್ಲಿ

ಈ ತೊಂದರೆಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು, ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಕಾಣುವುದು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ನಿಶ್ಚಿತ ಸಂಕೇತವಿದೆ. ಮಾಹಿತಿ ಸರಿಯಾಗಿದ್ದು, ಅದನ್ನು ತೋರಿಸುವ ಫಾಂಟ್ ಇಲ್ಲದಿರುವಾಗ ಚೌಕಗಳು ಕಾಣುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡಕ್ಕಾಗಿ ನಿರ್ಮಲ ಯುಐ ಫಾಂಟ್ ಇರುತ್ತದೆ. ಹಿಂದೆ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬರುತ್ತಿದ್ದ ತುಂಗಾ ಫಾಂಟ್ ಬೇಕಿದ್ದಲ್ಲಿ, ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡ ಪೂರಕ ಫಾಂಟ್‌ಗಳನ್ನು ಸೇರಿಸಿಕೊಳ್ಳಬಹುದು.

ಎರಡನೆಯದು, ಒತ್ತಕ್ಷರಗಳು ಕೆಳಗೆ ಬಾರದೆ ಬಿಡಿಬಿಡಿಯಾಗಿ ಕಾಣುವುದು. 'ಕೃಷ್ಣಮೂರ್ತಿ' ಎಂಬ ಹೆಸರಿನಲ್ಲಿ ಷಕಾರದ ಕೆಳಗೆ ಣಕಾರದ ಒತ್ತು ಬೀಳದೆ ಎರಡೂ ಪಕ್ಕಪಕ್ಕದಲ್ಲಿ ನಿಲ್ಲುವುದು ಇದಕ್ಕೆ ಉದಾಹರಣೆ. ಹಳೆಯ ಬ್ರೌಸರ್ ಅಥವಾ ಪಿಡಿಎಫ್ ತಂತ್ರಾಂಶವು ಅಕ್ಷರಗಳನ್ನು ಕೂಡಿಸಲಾರದಿರುವಾಗ ಹೀಗಾಗುತ್ತದೆ. ಇದನ್ನು ಕಂಡು ಸರಿಯಾದ ಹೆಸರನ್ನು ಅಳಿಸಿ ಬೇರೆ ರೀತಿಯಲ್ಲಿ ಬರೆಯಬಾರದು. ಮೊದಲು ಬೇರೆ ಬ್ರೌಸರ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ಅದೇ ಪುಟವನ್ನು ತೆರೆದು ನೋಡುವುದು.

ಮೂರನೆಯದು, ಕನ್ನಡದ ಬದಲಿಗೆ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ಮಿಶ್ರಣ ಕಾಣುವುದು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಆವೃತ್ತಿಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕೃತಿಗಳನ್ನು ಜೋಡಿಸಿ ಬಳಸುತ್ತಿದ್ದವು. ಆ ಫಾಂಟ್ ಇರುವಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹಳೆಯ ನುಡಿ ಕಡತದಿಂದ ಹೆಸರು ಅಥವಾ ವಿಳಾಸವನ್ನು ನಕಲು ಮಾಡಿ ಅರ್ಜಿಯಲ್ಲಿ ಸೇರಿಸಿದರೆ, ದಾಖಲೆಗೆ ಹೋಗುವುದು ಆ ರೋಮನ್ ಮಿಶ್ರಣವೇ ಆಗಿರುತ್ತದೆ. ಮೊದಲಿನ ಎರಡು ಬಗೆಗಳಲ್ಲಿ ದೋಷ ಕಾಣುವಿಕೆಯಲ್ಲಿದೆ. ಇಲ್ಲಿ ದೋಷ ಮಾಹಿತಿಯಲ್ಲೇ ಇದೆ. ಆದ್ದರಿಂದ ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಬಳಸುವುದು, ಅಥವಾ ಯೂನಿಕೋಡ್ ಕೀಲಿಮಣೆಯಲ್ಲಿ ಹೊಸದಾಗಿ ಬೆರಳಚ್ಚು ಮಾಡುವುದು. ಸಲ್ಲಿಸುವ ಮುನ್ನ ಮುನ್ನೋಟದ ಪುಟದಲ್ಲಿ ಹೆಸರನ್ನು ಅಕ್ಷರಶಃ ಓದುವುದು ಕಡ್ಡಾಯವೆಂದು ಭಾವಿಸುವುದು.

8. ದುರಸ್ತಿಗೆ ನೀಡುವಾಗ

(ಅ) ವಾರಂಟಿ ಇದ್ದಲ್ಲಿ ಲ್ಯಾಪ್‌ಟಾಪನ್ನು ಬೇರೆಡೆ ಬಿಚ್ಚಿಸಬಾರದು. ಖರೀದಿ ರಸೀದಿಯೊಂದಿಗೆ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೆ ನೀಡುವುದು.
(ಆ) ಬಡಾವಣೆಯ ಅಂಗಡಿಗಳಲ್ಲಾಗಲಿ, ಎಸ್.ಪಿ. ರಸ್ತೆಯಲ್ಲಾಗಲಿ ದುರಸ್ತಿ ಮಾಡಿಸುವಾಗ, ಬದಲಾಯಿಸುವ ಭಾಗದ ಹೆಸರು, ದರ ಹಾಗೂ ವಾರಂಟಿಯನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು. ಹಳೆಯ ಭಾಗವನ್ನು ಹಿಂದಕ್ಕೆ ಕೇಳುವುದು.
(ಇ) ಆಧಾರ್, ಪಡಿತರ ಚೀಟಿ, ಅಂಕಪಟ್ಟಿ ಮುಂತಾದವುಗಳ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ವರ್ಗಾಯಿಸಿ ಲ್ಯಾಪ್‌ಟಾಪಿನಿಂದ ಅಳಿಸುವುದು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ತೆಗೆಯುವುದು. ಪರದೆ ಕಾಣದಿದ್ದರೂ ಟಿ.ವಿ.ಗೆ ಜೋಡಿಸಿ ಇದನ್ನು ಮಾಡಬಹುದು.
(ಈ) ಕೀಲಿಮಣೆಯ ಭಾಗ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸುವುದು, ಒತ್ತಬಾರದು, ಚುಚ್ಚಬಾರದು.
(ಉ) ಸೇವೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

9. ಪರ್ಯಾಯ ವ್ಯವಸ್ಥೆ

ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಲ್ಯಾಪ್‌ಟಾಪಿನ ದುರಸ್ತಿಗಾಗಿ ಕಾಯಬೇಕಾಗಿಲ್ಲ. 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳಲ್ಲಿ ಲಭ್ಯವಿರುವ ಸೇವೆಗಳಿಗೆ ಅಲ್ಲಿಯೇ ಅರ್ಜಿ ಸಲ್ಲಿಸಬಹುದು. ಕಂದಾಯ ಇಲಾಖೆಯ ಪ್ರಮಾಣಪತ್ರಗಳಿಗೆ ತಮ್ಮ ಹೋಬಳಿಯ ನಾಡಕಚೇರಿಯನ್ನು ಸಂಪರ್ಕಿಸಬಹುದು. ಈ ಮೊದಲೇ ಅರ್ಜಿ ಸಲ್ಲಿಕೆಯಾಗಿದೆಯೇ ಎಂಬುದನ್ನು ಅಲ್ಲಿನ ಸಿಬ್ಬಂದಿಗೆ ತಿಳಿಸುವುದು ಅವಶ್ಯ. ಇಲ್ಲವಾದಲ್ಲಿ ಎರಡನೆಯ ಅರ್ಜಿ ದಾಖಲಾಗುತ್ತದೆ.

10. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಹಣ ಕಡಿತವಾದ ಕೂಡಲೇ ಪರದೆ ಆರಿತು. ಏನು ಮಾಡಬೇಕು?
ಉತ್ತರ: ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮೊಬೈಲ್‌ನಿಂದ ಅರ್ಜಿಯ ಸ್ಥಿತಿಯನ್ನು ನೋಡುವುದು. ಸ್ಥಿತಿ ಸ್ಪಷ್ಟವಾಗುವವರೆಗೆ ಪುನಃ ಪಾವತಿಸಬಾರದು.

ಪ್ರಶ್ನೆ: ಪ್ರಮಾಣಪತ್ರದಲ್ಲಿ ನನ್ನ ಹೆಸರು ಚೌಕಗಳಾಗಿ ಕಾಣುತ್ತಿದೆ. ತಿದ್ದುಪಡಿಗೆ ಅರ್ಜಿ ಹಾಕಬೇಕೇ?
ಉತ್ತರ: ಮೊದಲು ಬೇರೆ ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿ ತೆರೆದು ನೋಡುವುದು. ಅಲ್ಲಿ ಸರಿಯಾಗಿದ್ದಲ್ಲಿ ತಿದ್ದುಪಡಿಯ ಅಗತ್ಯವಿಲ್ಲ.

ಪ್ರಶ್ನೆ: ಪರದೆಯನ್ನು ನಾವೇ ಬದಲಾಯಿಸಬಹುದೇ?
ಉತ್ತರ: ಅನುಭವವಿಲ್ಲದವರು ಪ್ರಯತ್ನಿಸಬಾರದು. ಫಲಕ ಒಡೆಯುವ ಹಾಗೂ ವಾರಂಟಿ ರದ್ದಾಗುವ ಸಂಭವವಿದೆ.

ಅರ್ಜಿದಾರರು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕಾಗಿಯೂ, ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿಯೂ ಕೋರಲಾಗಿದೆ.