ಬಿಚ್ಚಿ ಕಟ್ಟುವ ಮನೆ

ನಮ್ಮ ಸೀಮೆಯ ಹಳೆಯ ಮನೆಗಳನ್ನು ನೋಡಲು ಬರುವವರು ಕಂಬ ನೋಡುತ್ತಾರೆ, ಬಾಗಿಲವಾಡದ ಕೆತ್ತನೆ ನೋಡುತ್ತಾರೆ, ಜಗುಲಿಯಲ್ಲಿ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಬರುವುದು ಡಿಸೆಂಬರ್ ರಜೆಯಲ್ಲಿ. ಆಗ ಅವರ ಕಣ್ಣಿಗೆ ಬೀಳುವುದು ಅರ್ಧ ಮನೆ. ಇನ್ನರ್ಧ ಇದ್ದದ್ದು ಸೋಗೆ, ಕರಡದ ಹುಲ್ಲು, ಬಿದಿರಿನ ಸೀಳು, ಬಳ್ಳಿಗಳಲ್ಲಿ. ಅದು ಮೇ ತಿಂಗಳಲ್ಲಿ ಎದ್ದು ದೀಪಾವಳಿಯ ಹೊತ್ತಿಗೆ ಗೊಬ್ಬರಗುಂಡಿ ಸೇರುತ್ತಿತ್ತು. ಸಾಗರ, ಸಿದ್ದಾಪುರ, ಶಿರಸಿ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಗೆ ಬೇಸಿಗೆಯ ರೂಪವೇ ಬೇರೆ, ಮಳೆಗಾಲದ ರೂಪವೇ ಬೇರೆ. ನಾನು ಮದುವೆಯಾಗಿ ಸಾಗರದ ಕಡೆಗೆ ಬಂದಾಗ ಆ ಕ್ರಮಕ್ಕೆ ಕೊನೆಗಾಲ. ನಾನೇ ನೋಡಿದ್ದು ಸ್ವಲ್ಪ. ಅತ್ತೆ ಹೇಳಿದ್ದು, ಅತ್ತೆಗೆ ಅವರ ಅತ್ತೆ ಹೇಳಿದ್ದು ಬಹಳ.

ಮಳೆಯ ವಿಷಯ ಬಯಲುಸೀಮೆಯವರಿಗೆ ಒಂದು ಮಾತು ಹೇಳಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಮನೆಯೊಳಗಿದ್ದವರಿಗೆ ಅದೆಷ್ಟು ಸುರಿಯಿತು ಎನ್ನುವುದಕ್ಕಿಂತ ಯಾವ ಕಡೆಯಿಂದ ಬಂತು ಎನ್ನುವುದೇ ಮುಖ್ಯ. ಆರಿದ್ರೆ, ಪುನರ್ವಸು, ಪುಷ್ಯದ ಮಳೆ ನೆಟ್ಟಗೆ ಬೀಳುವುದಿಲ್ಲ. ಪಡುವಣ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಮಾಡು ಎಷ್ಟೇ ಗಟ್ಟಿ ಇರಲಿ, ಜಗುಲಿಯ ನಡುವಿನವರೆಗೂ ಇರಚಲು ಹೊಡೆಯುತ್ತದೆ. ಗೋಡೆಗಳೋ ಮಣ್ಣಿನವು. ಇರಚಲು ಹಿಡಿದ ಮಣ್ಣಿನ ಗೋಡೆ ಮೊದಲು ಬುಡದಲ್ಲಿ ಕಪ್ಪಾಗುತ್ತದೆ, ಆಮೇಲೆ ಉಬ್ಬುತ್ತದೆ, ಆಮೇಲೆ ಒಂದು ರಾತ್ರಿ ಕುಸಿದು ಕೂರುತ್ತದೆ. ಹಾಗಾಗಿ ಮಳೆಗಾಲದ ತಯಾರಿಯೆಂದರೆ ಮೊದಲು ಪಡುವಣ ದಿಕ್ಕನ್ನು ಮುಚ್ಚುವುದು.

ಮುಚ್ಚುತ್ತಿದ್ದದ್ದು ತಟ್ಟಿಯಿಂದ. ಬಿದಿರು ಅಥವಾ ಅಡಿಕೆ ದಬ್ಬೆಯನ್ನು ಚೌಕಕ್ಕೆ ಕಟ್ಟಿ, ಅದರ ಮೇಲೆ ಅಡಿಕೆ ಸೋಗೆಯನ್ನು ತುದಿ ಕೆಳಗಾಗಿ, ಮೇಲಿನದು ಕೆಳಗಿನದರ ಅರ್ಧ ಮುಚ್ಚುವಂತೆ ಸಾಲಾಗಿ ಹಾಸಿ, ಮೇಲಿಂದ ಇನ್ನೊಂದು ದಬ್ಬೆ ಒತ್ತಿ ಬಿಗಿಯುವುದು. ಕಟ್ಟುವುದಕ್ಕೆ ಕಾಡಿನ ಬಳ್ಳಿ, ನೀರಲ್ಲಿ ನೆನೆಸಿ ಮೆತ್ತಗಾದದ್ದು. ಒಣಗಿದ ಮೇಲೆ ಅದು ಬಿಗಿದುಕೊಳ್ಳುವ ಪರಿಗೆ ಕತ್ತಿಯಿಲ್ಲದೆ ಬಿಚ್ಚಲು ಬರುವುದಿಲ್ಲ. ತಟ್ಟಿಯನ್ನು ಮಾಡಿನ ಅಂಚಿನಿಂದ ನೆಲಕ್ಕೆ ಒಂದು ಗೇಣು ಉಳಿಯುವಂತೆ ಇಳಿಬಿಡುತ್ತಿದ್ದರು. ಗೋಡೆಗೆ ಅಂಟಿಸಿ ಕಟ್ಟಬಾರದು, ನಡುವೆ ಒಬ್ಬರು ಓಡಾಡುವಷ್ಟು ಜಾಗ ಇರಬೇಕು. ಆ ಸಂದಿಯೇ ನಾಲ್ಕು ತಿಂಗಳು ಮನೆಯ ಹೆಂಗಸರ ಓಣಿ: ಕಟ್ಟಿಗೆ ಅಲ್ಲಿ, ಒದ್ದೆ ಬಟ್ಟೆಯ ಗಳು ಅಲ್ಲಿ, ಹಗಲು ಕೋಳಿಯಂತೆ ಗೂಡು ಸೇರಿದ ಮಕ್ಕಳ ಆಟವೂ ಅಲ್ಲೇ.

ಇಷ್ಟಕ್ಕೆಲ್ಲ ಸಾಮಾನು ಕೊಟ್ಟದ್ದು ಅಡಿಕೆ ಮರ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಹಾಳೆ ಕತ್ತರಿಸಿ ಬೇರೆ, ಸೋಗೆ ಬೇರೆ. ಸತ್ತ ಮರ ಸೀಳಿದರೆ ದಬ್ಬೆ. ತಿರುಳು ಕೆತ್ತಿ ತೆಗೆದರೆ ಮಾಡಿನಿಂದಿಳಿದ ನೀರನ್ನು ದೂರಕ್ಕೆ ಒಯ್ಯುವ ದಂಬೆ. ತೋಟದಲ್ಲಿ ಅಡಿಕೆ ಕೊನೆಗಳಿಗೂ ಇದೇ ಹಂಗಾಮಿನಲ್ಲಿ ಕರಡದ ಕೊಟ್ಟೆ ಕಟ್ಟಬೇಕಿತ್ತು, ಕೊಳೆರೋಗ ಬರಬಾರದೆಂದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಮೇಲೆ ಕೊಟ್ಟೆ ನಿಧಾನವಾಗಿ ಹಿಂದೆ ಸರಿಯಿತು. ಮನೆಗೆ ತಟ್ಟಿ, ಕೊನೆಗೆ ಕೊಟ್ಟೆ, ಎರಡಕ್ಕೂ ಬೇಕಾದದ್ದು ಅದೇ ಕೈಚಳಕ. ಒಂದು ಹೋದಾಗಲೇ ಇನ್ನೊಂದರ ಬೇರೂ ಸಡಿಲವಾಯಿತೆಂದು ನನ್ನ ಲೆಕ್ಕ.

ಸೋಗೆ ಮಾಡಿನ ಮನೆಯಾದರೆ ತಟ್ಟಿಗಿಂತ ಮೊದಲು ಮಾಡು. ಹೋದ ವರ್ಷದ ಕರಕಲು ಹೊದಿಕೆ ಇಳಿಸಿ, ಹುಳ ತಿಂದ ಗಳು ಬದಲಿಸಿ, ಹೊಸದಾಗಿ ಹೊದಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಇವತ್ತು ನಿಮ್ಮನೆ, ನಾಳೆ ನಮ್ಮನೆ. ಮನೆ ಹೊದಿಸುವ ದಿನ ಆಳುಗಳಿಗೆ ಪಾಯಸದ ಊಟ. ಈ ಕಥೆಯನ್ನು ಊರೊಟ್ಟಿನ ಚಂದ ಎಂದು ಹೇಳುವುದು ಈಚೆಗೆ ಬಹಳವಾಗಿದೆ. ಅತ್ತೆ ಹೇಳುತ್ತಿದ್ದ ಇನ್ನೊಂದು ತುದಿಯನ್ನೂ ಬರೆಯಬೇಕು: ಮುಯ್ಯಾಳು ನಡೆಯುತ್ತಿದ್ದದ್ದು ಸರಿಸಮಾನರ ನಡುವೆ. ಗೇಣಿ ಮಾಡುವವರು, ಕೂಲಿಯವರು ಒಡೆಯರ ಮನೆ ಹೊದಿಸಿ, ಒಡೆಯರ ಕೊಟ್ಟಿಗೆ ಹೊದಿಸಿ, ಉಳಿದ ಹುಡಿ ಸೋಗೆಯನ್ನು ಹೊತ್ತು ತಮ್ಮ ಬಿಡಾರಕ್ಕೆ ಹೋಗುವಷ್ಟರಲ್ಲಿ ಮೃಗಶಿರ ಮಳೆ ಹಿಡಿದಿರುತ್ತಿತ್ತು. ಒಂದು ಮನೆ ಬೆಚ್ಚಗಾಗಲು ಇನ್ನೊಂದು ಮನೆ ನೆನೆಯಬೇಕಿತ್ತು.

ಹುಲ್ಲು, ಬಳ್ಳಿ, ಬಿದಿರಿಗೆ ಬೆಟ್ಟವೇ ಗತಿ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಹತ್ತಿರದ ಕಾಡನ್ನು ಬಳಸುವ ರೂಢಿ ಹಳೆಯದು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಿಕೆ ತೋಟಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಬ್ರಿಟಿಷರು ಕಾಡಿಗೆ ಗಡಿಕಲ್ಲು ಹಾಕಿದಾಗ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂದು ಲೆಕ್ಕ ಬಿತ್ತು. ತೋಟ ಇದ್ದವರಿಗೆ ಬೆಟ್ಟ ಇತ್ತು. ತೋಟ ಇಲ್ಲದವರಿಗೆ ಹೊರೆ ಕರಡ ತರುವುದೂ ಅರಣ್ಯ ಗಾರ್ಡನ ಕಣ್ತಪ್ಪಿಸಿ ಮಾಡುವ ಕೆಲಸವಾಯಿತು.

ಇನ್ನು ಹಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪೈಕಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿ, ಯಂತ್ರದ ಒತ್ತು, ಗೂಡಿನ ಬೆಂಕಿ. ಒಂದರ ಅಂಚು ಇನ್ನೊಂದರ ಗಾಡಿಗೆ ಕೂರುವಂತಿದ್ದ ಆ ಹಂಚಿಗೆ ಗಾರೆ ಬೇಡ, ಮೊಳೆ ಬೇಡ. ಕುಂಬಾರರು ಮಾಡುತ್ತಿದ್ದ ನಾಡಹಂಚು ಮೊದಲೂ ಇತ್ತು. ಆದರೆ ಅದು ಗಾಳಿಗೆ ಸರಿಯುತ್ತಿತ್ತು, ಮಂಗಗಳು ಒಮ್ಮೆ ಓಡಿದರೆ ಸಾಕಿತ್ತು. ನಮ್ಮ ಕೊಟ್ಟಿಗೆಯ ಮೇಲಿನ ಹಂಚು ಮಗುಚಿದರೆ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಕಾಣುತ್ತವೆ. ನೆಂಟರು ಅದನ್ನು ಕಂಡು ನೂರೈವತ್ತು ವರ್ಷದ ಹಂಚು ಎಂದು ಬೆರಗಾಗುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ನಾನೀಗ ತಿದ್ದುವ ಗೋಜಿಗೆ ಹೋಗುವುದಿಲ್ಲ.

ಘಟ್ಟದ ಮೇಲೆ ಹಂಚು ಬಂದದ್ದು ನಿಧಾನ. ಗಾಡಿಯಲ್ಲಿ ಹೊತ್ತು ತರಬೇಕು, ಅದರ ಭಾರಕ್ಕೆ ತಕ್ಕ ಪಕಾಸು, ರೀಪು ಬೇಕು, ಅದಕ್ಕೆ ದುಡ್ಡಿರಬೇಕು. ದುಡ್ಡಿದ್ದವರೂ ಮೊದಲು ಹೊದಿಸಿದ್ದು ವಾಸದ ಮನೆಗೆ ಮಾತ್ರ. ಕೊಟ್ಟಿಗೆ, ಬಚ್ಚಲು, ಕಟ್ಟಿಗೆ ಮನೆ ಬಹುಕಾಲ ಸೋಗೆಯಲ್ಲೇ ಉಳಿದವು. ಹಂಚಿಗೆ ಆಸೆಪಟ್ಟದ್ದು ಮಳೆಗೆ ಹೆದರಿ ಮಾತ್ರವಲ್ಲ, ಬೆಂಕಿಗೆ ಹೆದರಿ. ಏಪ್ರಿಲ್ ಬಿಸಿಲಿಗೆ ಒಣಗಿದ ಸೋಗೆಗೆ ಒಲೆಯ ಒಂದು ಕಿಡಿ ಹಾರಿದರೆ ಕೇರಿಯೇ ಹೋಗುತ್ತಿತ್ತು. ಲಿಂಗನಮಕ್ಕಿ ಆಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕೊಳ್ಳದ ಊರುಗಳು ಮುಳುಗಿದಾಗ, ಜನ ಗಾಡಿಗೆ ಹೇರಿಕೊಂಡು ಹೋದ ಸಾಮಾನಿನಲ್ಲಿ ಮಾಡಿನ ಮರ ಮತ್ತು ಹಂಚೂ ಇದ್ದವು. ಕೂಲಿಯವರ ತಲೆಯ ಮೇಲೆ ಹಂಚು ಬಂದದ್ದು ಎಪ್ಪತ್ತರ ದಶಕದಲ್ಲಿ, ಭೂಸುಧಾರಣೆ ಮತ್ತು ಜನತಾ ಮನೆಗಳ ಕಾಲದಲ್ಲಿ. ಆ ಮನೆಗಳ ಗೋಡೆ ಬಗ್ಗೆ ಯಾರು ಏನೇ ಹೇಳಲಿ, ಅಲ್ಲಿಗೆ ಮೃಗಶಿರ ಮಳೆ ಹಿಡಿದ ಮೇಲೆ ಬರುತ್ತಿದ್ದ ಆ ಕೊನೆಯ ಪಾಳಿ ನಿಂತಿತು.

ಹೊದಿಕೆ ಮನೆಯನ್ನು ಒಣಗಿಸಿಡುತ್ತದೆ, ಬೆಚ್ಚಗಿಡುವುದಿಲ್ಲ. ಅದಕ್ಕೆ ಹೊಡಸಲು. ಬಚ್ಚಲ ಪಕ್ಕವೋ ಕೊಟ್ಟಿಗೆಯ ಮೂಲೆಯೋ, ನೆಲದಲ್ಲೊಂದು ಕುಳಿ. ಅದರಲ್ಲಿ ದೊಡ್ಡ ಕುಂಟೆ ಇಟ್ಟು ಹೊತ್ತಿಸಿದರೆ ಬೂದಿಯೊಳಗೆ ಕೆಂಡ ರಾತ್ರಿಯಿಡೀ ಇರುತ್ತಿತ್ತು. ಬೆಳಿಗ್ಗೆ ಹೊಸ ಕಡ್ಡಿ ಗೀರುವ ಪ್ರಶ್ನೆಯಿಲ್ಲ. ಗೀರಿದರೂ ಆ ತಂಪಿಗೆ ಹೊತ್ತುತ್ತಿರಲಿಲ್ಲ. ಗದ್ದೆ, ತೋಟದಿಂದ ಬಂದವರು ಕಂಬಳಿ ಕೊಪ್ಪೆಯನ್ನು ಅದರ ಮೇಲಿನ ಗಳುವಿಗೆ ಎಸೆದು ಕೈ ಕಾಸುತ್ತಿದ್ದರು. ಹಲಸಿನ ಹಪ್ಪಳ ಸುಡುವುದು, ಗೇರುಬೀಜ ಸುಡುವುದು, ಊರ ಸುದ್ದಿ ಆಡುವುದು ಅಲ್ಲಿ. ಬಾಣಂತಿ ಇದ್ದ ಮನೆಯಲ್ಲಿ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ, ಮಗುವಿನ ಬಟ್ಟೆ ಹರಡುತ್ತಿದ್ದರು. ನನ್ನ ಮಕ್ಕಳ ಬಟ್ಟೆಗೆ ಎಷ್ಟು ತೊಳೆದರೂ ಹೋಗದ ಹೊಗೆಯ ವಾಸನೆಯಿತ್ತು.

ಆ ಹೊಗೆಗೂ ಕೆಲಸವಿತ್ತು. ಅಟ್ಟದ ಮೇಲಿನ ಅಡಿಕೆಗೆ ಬೂಷ್ಟು ಹಿಡಿಯದಂತೆ, ಬಿದಿರಿಗೆ ಕುಟ್ಟೆ ಹತ್ತದಂತೆ, ಮಾಡಿನ ಸೋಗೆ ಒಂದು ವರ್ಷವಾದರೂ ತಾಳುವಂತೆ ಮಾಡುತ್ತಿದ್ದದ್ದು ಅದು. ಅಡುಗೆಮನೆಯ ಜಂತಿಗೆ ಬಾಳೆನಾರಿನಲ್ಲಿ ನೇತುಬಿಟ್ಟ ಮೊಗೆಕಾಯಿ ಕೆಡುತ್ತಿರಲಿಲ್ಲ. ತರಕಾರಿ ಬೀಜವನ್ನು ಸಗಣಿಯಲ್ಲಿ ಗೋಡೆಗೆ ಮೆತ್ತಿ ಇಡುತ್ತಿದ್ದರು. ಉಪ್ಪಿನ ಮರಿಗೆ ಒಲೆಯ ಹತ್ತಿರ ಬರುತ್ತಿತ್ತು, ದೂರ ಇಟ್ಟರೆ ನೀರಾಗಿ ಹರಿಯುತ್ತಿತ್ತು. ಇದನ್ನೆಲ್ಲ ಜಾಣತನ ಎಂದು ಹೊಗಳುವವರು ಒಲೆಯ ಮುಂದೆ ಕೂತವಳ ಕಣ್ಣನ್ನೂ ನೋಡಬೇಕು. ಅತ್ತೆಯ ಕೆಮ್ಮು ಮಳೆಗಾಲದಲ್ಲಿ ಶುರುವಾದರೆ ಸುಗ್ಗಿಯವರೆಗೆ ಬಿಡುತ್ತಿರಲಿಲ್ಲ. ಅಡುಗೆಗೆ ಗ್ಯಾಸ್ ಬಂದದ್ದಕ್ಕೆ ನನಗಂತೂ ಒಂದಿಷ್ಟೂ ವ್ಯಥೆಯಿಲ್ಲ. ಬಚ್ಚಲ ಬೆಂಕಿ ಇರಲಿ, ಅಡುಗೆಮನೆಯ ಹೊಗೆ ಬೇಡ.

ಕಂಬಳಿ ನಮ್ಮಲ್ಲಿ ಹುಟ್ಟಿದ್ದಲ್ಲ. ಚಳ್ಳಕೆರೆ ಕಡೆಯ, ರಾಣೆಬೆನ್ನೂರಿನ ಮೇಡ್ಲೇರಿ ಕಡೆಯ ಕುರುಬರು ನೇಯ್ದದ್ದು ಬಯಲುಸೀಮೆಯಿಂದ ಹೆಗಲೇರಿ ಬರುತ್ತಿತ್ತು. ನೂಲಿಗೆ ಹುಣಸೆಬೀಜದ ಸರಿ ಬಳಿಯುವುದರಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ನೀರು ಬೇಗ ಇಳಿಯುವುದಿಲ್ಲ. ಹಗಲು ಕೊಪ್ಪೆಯಾಗಿ ಮಳೆ ತಡೆದದ್ದೇ ರಾತ್ರಿ ಹೊದಿಕೆ. ಮಳೆಯೇ ಇಲ್ಲದ ಸೀಮೆಯ ಕುರಿ ಮಳೆಗಾಡಿನವರನ್ನು ಕಾದದ್ದು ನಮ್ಮ ಚರಿತ್ರೆಯಲ್ಲಿ ಯಾರೂ ದೊಡ್ಡದಾಗಿ ಬರೆಯದ ವ್ಯಾಪಾರ.

ಮುಚ್ಚಿದ್ದನ್ನು ಬಿಚ್ಚುವುದಕ್ಕೂ ಕಾಲವಿತ್ತು. ದೀಪಾವಳಿಗೆ ಮುಂಚಿನ ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ಪಡುವಣ ಗಾಳಿ ಸೋತಿರುತ್ತದೆ. ತಟ್ಟಿ ಇಳಿಸಿದ ದಿನ ಮನೆಯೊಳಗೆ ಬೆಳಕು ನುಗ್ಗಿ, ನಾಲ್ಕು ತಿಂಗಳ ಬೂಷ್ಟು, ಜೇಡರ ಬಲೆ, ಗೋಡೆಯ ಹಸುರು ಎಲ್ಲ ಬಯಲಿಗೆ ಬರುತ್ತಿತ್ತು. ಕೊಳೆತ ಸೋಗೆ ಗೊಬ್ಬರಕ್ಕೆ, ಗಟ್ಟಿಯಿದ್ದ ದಬ್ಬೆ ಅಟ್ಟಕ್ಕೆ. ಗೋಡೆಯ ಬುಡಕ್ಕೆ ಹೊಸ ಮಣ್ಣು, ಮೇಲೆ ಕೆಮ್ಮಣ್ಣು. ನೆಲಕ್ಕೆ ಸಗಣಿಯ ಜೊತೆ ಕಪ್ಪು ಬರಲೆಂದು ಸುಟ್ಟ ಹುಲ್ಲಿನ ಕರಿ. ಟಾರ್ಚ್ ಬಂದ ಮೇಲೆ ಹಳೆಯ ಸೆಲ್ ಒಡೆದು ಅದರ ಕರಿ. ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟು, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೂ ಚಿತ್ತಾರ. ಈಗ ಅದು ಚೌಕಟ್ಟು ಹಾಕಿಸಿಕೊಂಡು ಬೆಂಗಳೂರಿನ ಗೋಡೆ ಸೇರಿದೆ. ಮಳೆ ತೊಳೆದ ಗೋಡೆಯನ್ನು ಮತ್ತೆ ಮನೆಯಾಗಿಸುವ ಕೆಲಸದ ಕೊನೆಯ ಹಂತ ಅದು ಎಂಬುದು ಚೌಕಟ್ಟಿನೊಳಗೆ ಕಾಣುವುದಿಲ್ಲ. ದೀಪಾವಳಿ ಕಳೆದರೆ ಅಂಗಳ ಕೆತ್ತಿ, ಪೆಟ್ಟಣೆಯಲ್ಲಿ ಬಡಿದು, ಸಗಣಿ ಸಾರಿಸಿ, ಅಡಿಕೆ ಒಣಗಿಸಲು ಚಪ್ಪರ.

ತಟ್ಟಿಯ ಜಾಗಕ್ಕೆ ಮೊದಲು ಗೊಬ್ಬರದ ಚೀಲ ಹೊಲಿದ ಪರದೆ ಬಂತು, ಆಮೇಲೆ ನೀಲಿ ತಾಡಪಾಲು, ಆಮೇಲೆ ಶೇಡ್ ನೆಟ್. ಕಟ್ಟಲು ಬರುವ ಕೈ ಕಡಿಮೆಯಾದಂತೆ ಇವು ಸುಲಭವಾದವು, ಅದರಲ್ಲಿ ತಪ್ಪಿಲ್ಲ. ಆದರೆ ಇವೆಲ್ಲ ಬಿಚ್ಚುವಂಥವು. ಈಗ ಹತ್ತು ವರ್ಷದಿಂದ ಊರೂರಿನಲ್ಲಿ ಕಾಣುವುದು ಕಬ್ಬಿಣದ ಕಂಬ ನೆಟ್ಟು, ಅಂಗಳದ ಮೇಲೂ ಪಡುವಣಕ್ಕೂ ಶೀಟು ಜಡಿದು ಒಮ್ಮೆಗೇ ಕೆಲಸ ಮುಗಿಸುವ ಕ್ರಮ. ಇರಚಲು ನಿಂತಿತು, ಅಡಿಕೆಯೂ ಒಣಗಿತು. ಜೊತೆಗೆ ಮನೆ ಜನವರಿಯಲ್ಲೂ ಆಷಾಢದಲ್ಲೇ ಉಳಿಯಿತು: ಜಗುಲಿಗೆ ಎಳೆಬಿಸಿಲಿಲ್ಲ, ನಡುಮನೆಯಲ್ಲಿ ಹಗಲೇ ಲೈಟು, ಮಾರ್ಚ್ ಬಂದರೆ ತಗಡಿನ ಕಾವು.

ಶೀಟು ಹಾಕಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸೋಗೆ ಕಟ್ಟುವ ಆಳು ಎಲ್ಲಿದ್ದಾರೆ? ಹಾಕಿಸುವವರು ಪಡುವಣದ ಒಂದು ಸಾಲನ್ನಾದರೂ ಸ್ಕ್ರೂ ಬಿಗಿಸದೆ ಕೊಕ್ಕೆಗೆ ಸಿಕ್ಕಿಸುವಂತೆ ಮಾಡಿಸಿ. ವೆಲ್ಡಿಂಗಿನವನಿಗೆ ಅರ್ಧ ದಿನದ ಹೆಚ್ಚಿನ ಕೆಲಸ, ಅಷ್ಟೇ. ಭೂಮಿ ಹುಣ್ಣಿಮೆಗೆ ಅದನ್ನು ಇಳಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿಡಿ, ಮೇ ಕೊನೆಗೆ ಮತ್ತೆ ಏರಿಸಿ.