ಪ್ರಾಚೀನ ಈಜಿಪ್ಟ್: ಉಡುಗೆ-ತೊಡುಗೆಯೇ ಅಂತಸ್ತಿನ ಅಳತೆಗೋಲು

ಕೈರೊ ನಗರದ ತಹ್ರೀರ್ ಚೌಕದಲ್ಲಿರುವ ಈಜಿಪ್ಟ್ ವಸ್ತುಸಂಗ್ರಹಾಲಯದಿಂದ 2025ರ ಸೆಪ್ಟೆಂಬರ್‌ನಲ್ಲಿ ಫೆರೋ ಅಮೆನೆಮೋಪೆಗೆ ಸೇರಿದ ಚಿನ್ನದ ಬಳೆಯೊಂದು ಕಳುವಾಯಿತು. ಸುಮಾರು ಮೂರು ಸಾವಿರ ವರ್ಷ ಹಳೆಯದಾದ ಆ ಬಳೆ ಕೈಯಿಂದ ಕೈಗೆ ದಾಟಿ, ಕೊನೆಗೆ 1,94,000 ಈಜಿಪ್ಟ್ ಪೌಂಡ್‌ಗೆ, ಅಂದರೆ ಸುಮಾರು ಮೂರೂವರೆ ಲಕ್ಷ ರೂಪಾಯಿಗೆ ಮಾರಾಟವಾಗಿ ಕರಗಿಹೋಯಿತು ಎಂದು ಅಲ್ಲಿನ ಗೃಹ ಸಚಿವಾಲಯ ಪ್ರಕಟಿಸಿತು. ತೂಕದ ಲೆಕ್ಕದಲ್ಲಿ ಈ ನಷ್ಟ ಅಲ್ಪ. ಆದರೆ ಆ ನಾಗರಿಕತೆಯಲ್ಲಿ ಒಡವೆ, ಉಡುಪುಗಳು ಧರಿಸಿದವರ ಅಂತಸ್ತನ್ನೂ ರಾಜಮನ್ನಣೆಯನ್ನೂ ದೈವಾನುಗ್ರಹವನ್ನೂ ಸಾರುತ್ತಿದ್ದವು. ಒಂದು ಬಳೆ ಕರಗಿದರೆ ಅಷ್ಟು ಚರಿತ್ರೆಯೂ ಕರಗಿದಂತೆಯೇ.

ಅಗಸೆ ನಾರಿನ ಬಟ್ಟೆ

ಈಜಿಪ್ಟಿನವರ ಮುಖ್ಯ ಬಟ್ಟೆ ಅಗಸೆ ಗಿಡದ ನಾರಿನಿಂದ ನೇಯ್ದ ಲಿನನ್. ಗಿಡವನ್ನು ಕೊಯ್ಯದೆ ಬೇರುಸಹಿತ ಕೀಳುತ್ತಿದ್ದರು. ಎಳೆಯ ಹಸಿರು ಕಾಂಡದಿಂದ ನವಿರಾದ ನೂಲು, ಬಲಿತ ಕಾಂಡದಿಂದ ಒರಟು ಬಟ್ಟೆ ಹಾಗೂ ಹಗ್ಗಕ್ಕೆ ಬೇಕಾದ ನಾರು ದೊರೆಯುತ್ತಿತ್ತು. ಲಿನನ್‌ಗೆ ಬಣ್ಣ ಸುಲಭವಾಗಿ ಹಿಡಿಯದ ಕಾರಣ ಬಿಳಿ ಉಡುಪೇ ಹೆಚ್ಚು ಬಳಕೆಯಲ್ಲಿತ್ತು. ಗಂಡಸರು ಸೊಂಟಕ್ಕೆ ತುಂಡುಪಂಚೆಯಂಥ ವಸ್ತ್ರ ಸುತ್ತಿಕೊಂಡರೆ, ಹೆಂಗಸರು ಮೈಗೊಪ್ಪುವ ನೀಳ ಅಂಗಿ ತೊಡುತ್ತಿದ್ದರು. ಎಲ್ಲರದೂ ಲಿನನ್ ಆದುದರಿಂದ ಅಂತಸ್ತಿನ ಭೇದ ಕಾಣುತ್ತಿದ್ದುದು ನೇಯ್ಗೆಯಲ್ಲಿ. ಮೈ ಕಾಣುವಷ್ಟು ತೆಳುವಾದ, ನವಿರಾದ ನೆರಿಗೆಗಳುಳ್ಳ ಬಟ್ಟೆ ಸಿರಿವಂತರದು. ಅತ್ಯುತ್ತಮ ದರ್ಜೆಗೆ ‘ರಾಜ ಲಿನನ್’ ಎಂಬ ಹೆಸರೇ ಇತ್ತು.

ಲಂಡನ್ನಿನ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿರುವ ‘ತಾರ್ಖಾನ್ ಅಂಗಿ’ ಈ ಪರಂಪರೆಯ ಪ್ರಾಚೀನತೆಗೆ ಸಾಕ್ಷಿ. 1913ರಲ್ಲಿ ಫ್ಲಿಂಡರ್ಸ್ ಪೆಟ್ರಿ ನಡೆಸಿದ ಉತ್ಖನನದಲ್ಲಿ ದೊರೆತ ಕೊಳಕು ಬಟ್ಟೆಗಳ ಗಂಟಿನಲ್ಲಿ ಇದು ಅಡಗಿದ್ದುದು ಬೆಳಕಿಗೆ ಬಂದದ್ದು 1977ರಲ್ಲಿ. ಕ್ರಿ.ಪೂ. 3482 ಮತ್ತು 3102ರ ನಡುವಿನದೆಂದು ಇಂಗಾಲ ಪರೀಕ್ಷೆ ತಿಳಿಸಿದೆ. ಮೊಣಕೈ, ಕಂಕುಳುಗಳ ಬಳಿ ಬಿದ್ದ ಸುಕ್ಕುಗಳಿಂದ ಯಾರೋ ಇದನ್ನು ತೊಟ್ಟು ಓಡಾಡಿದ್ದು ಖಚಿತವಾಗುತ್ತದೆ.

ಕೂಲಿಗೂ ಬಟ್ಟೆ

ನಾಣ್ಯಗಳಿಲ್ಲದ ಆ ಕಾಲದಲ್ಲಿ ಧಾನ್ಯದಂತೆ ಬಟ್ಟೆಯೂ ವಿನಿಮಯದ ವಸ್ತುವಾಗಿತ್ತು. ರಾಜರ ಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್-ಮದೀನಾ ಗ್ರಾಮದ ಕೆಲಸಗಾರರು ಮೂರನೆಯ ರಾಮ್‌ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ಸುಮಾರು ಕ್ರಿ.ಪೂ. 1157ರಲ್ಲಿ, ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಹಸಿವು, ಬಾಯಾರಿಕೆಯ ಜೊತೆಗೆ ಬಟ್ಟೆ, ಲೇಪನದ ಎಣ್ಣೆ, ಮೀನು, ತರಕಾರಿ ಇಲ್ಲವೆಂಬ ಅವರ ದೂರು ಇಟಲಿಯ ಟುರಿನ್‌ನಲ್ಲಿರುವ ಪಪೈರಸ್‌ನಲ್ಲಿ ದಾಖಲಾಗಿದೆ. ಮುಷ್ಕರದ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದೆಂದು ಅದನ್ನು ಪರಿಗಣಿಸಲಾಗಿದೆ.

ದೇವರ ಮೈಬಣ್ಣ

ಚಿನ್ನವನ್ನು ದೇವತೆಗಳ ಮಾಂಸವೆಂದೂ, ಬೆಳ್ಳಿಯನ್ನು ಅವರ ಮೂಳೆಯೆಂದೂ ಈಜಿಪ್ಟಿನವರು ಭಾವಿಸಿದ್ದರು. ಚಿನ್ನ ಪೂರ್ವದ ಮರುಭೂಮಿ ಹಾಗೂ ನುಬಿಯಾದಿಂದ, ಹಸಿರುನೀಲಿ ಟರ್ಕಾಯ್ಸ್ ಕಲ್ಲು ಸಿನಾಯ್‌ನಿಂದ, ಕಡುನೀಲಿ ಲಾಪಿಸ್ ಲಾಜುಲಿ ದೂರದ ಅಫ್ಘಾನಿಸ್ತಾನದ ಬದಖ್‌ಶಾನ್‌ನಿಂದ ಬರುತ್ತಿತ್ತು. ಇವು ಕೈಗೆಟುಕದವರಿಗೆ ಫೈಯಾನ್ಸ್ ಇತ್ತು. ಬೆಣಚುಕಲ್ಲಿನ ಪುಡಿಗೆ ಸುಣ್ಣ, ಕ್ಷಾರ, ತಾಮ್ರದ ಅಂಶ ಬೆರೆಸಿ ಸುಟ್ಟರೆ ಹೊಳೆಯುವ ನೀಲಿ-ಹಸಿರು ಮಣಿ ಸಿದ್ಧವಾಗುತ್ತಿತ್ತು. ಬಡವರ ಕೊರಳಿನ ಸರಕ್ಕೂ ಅರಮನೆಯ ಕಂಠಾಭರಣಕ್ಕೂ ಅದು ಬಳಕೆಯಾಗುತ್ತಿತ್ತು.

ಒಡವೆಗಳಲ್ಲಿ ಹಲವು ರಕ್ಷೆಗಳೂ ಆಗಿದ್ದವು. ಸಗಣಿ ಹುಳುವಿನ ಆಕೃತಿ ಪುನರ್ಜನ್ಮದ ಸಂಕೇತವಾದರೆ, ಹೋರಸ್ ದೇವತೆಯ ಕಣ್ಣು ಕೇಡನ್ನು ತಡೆಯುವುದೆಂಬ ನಂಬಿಕೆಯಿತ್ತು. ಶೌರ್ಯ, ಸೇವೆಗಳಿಗೆ ರಾಜನು ಚಿನ್ನದ ಕಂಠಹಾರವನ್ನು ಬಹುಮಾನವಾಗಿ ನೀಡುತ್ತಿದ್ದನು. ರಾಣಿ ಅಹ್‌ಹೋತೆಪ್‌ಳ ಶವದೊಂದಿಗೆ ದೊರೆತ ಚಿನ್ನದ ನೊಣಗಳ ಸರವನ್ನು ಯುದ್ಧಶೌರ್ಯದ ಪದಕವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಅಂದಿನಿಂದಲೂ ಕಳ್ಳರು

ಒಡವೆಯನ್ನು ಲೋಹವಾಗಿಯಷ್ಟೇ ಕಂಡವರು ಅಂದೂ ಇದ್ದರು. ಒಂಬತ್ತನೆಯ ರಾಮ್‌ಸೆಸ್‌ನ ಆಳ್ವಿಕೆಯ 16ನೇ ವರ್ಷದಲ್ಲಿ ಅಮೆನ್‌ಪನುಫೆರ್ ಎಂಬ ಕಲ್ಲುಕುಟಿಗನು ರಾಜ ಸೊಬೆಕೆಮ್‌ಸಾಫ್‌ನ ಗೋರಿಯನ್ನು ಒಡೆದು, ಮಮ್ಮಿಯ ಮೈಮೇಲಿನ ಚಿನ್ನವನ್ನು ಕಿತ್ತು, ಶವಪೆಟ್ಟಿಗೆಗಳನ್ನು ಸುಟ್ಟು, ಸಂಗಡಿಗರೊಂದಿಗೆ ಪಾಲು ಹಂಚಿಕೊಂಡುದಾಗಿ ವಿಚಾರಣೆಯಲ್ಲಿ ಒಪ್ಪಿಕೊಂಡನು. ಸಿಕ್ಕಿಬಿದ್ದಾಗ ತನ್ನ ಪಾಲನ್ನು ಲಂಚವಾಗಿ ಕೊಟ್ಟು ಬಿಡುಗಡೆ ಹೊಂದಿ, ಮತ್ತೆ ಕಳವಿಗಿಳಿದುದನ್ನೂ ಆತ ಹೇಳಿದ್ದಾನೆ.

1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ ಟುಟಂಖಾಮನ್ ಗೋರಿಗೂ ಪ್ರಾಚೀನ ಕಾಲದಲ್ಲೇ ಕಳ್ಳರು ನುಗ್ಗಿದ್ದರು. ಬಟ್ಟೆಯಲ್ಲಿ ಗಂಟು ಕಟ್ಟಿದ್ದ ಚಿನ್ನದ ಉಂಗುರಗಳನ್ನು ಅವರು ಅಲ್ಲೇ ಬಿಟ್ಟುಹೋಗಿದ್ದರು. ಆದರೂ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಉಳಿದವು. 2025ರ ನವೆಂಬರ್‌ನಲ್ಲಿ ಗೀಝಾ ಪಿರಮಿಡ್‌ಗಳ ಸಮೀಪ ಉದ್ಘಾಟನೆಗೊಂಡ ಮಹಾ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿ ಅವು ಒಂದೇ ಕಡೆ ಪ್ರದರ್ಶನ ಕಂಡವು. ಅಮೆನೆಮೋಪೆಯ ಬಳೆ ಕರಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ.