ಸೈನೈಡ್ ದಿಬ್ಬಕ್ಕೂ ಚೀನಾಕ್ಕೂ ಏನು ಸಂಬಂಧ? ಇಲ್ಲಿದೆ ಟಂಗ್‌ಸ್ಟನ್ ಲೆಕ್ಕ

ಕೆಜಿಎಫ್: ಊರಿನವರಿಗೆ ಸೈನೈಡ್ ದಿಬ್ಬ ಅಂದರೆ ಗಾಳಿ ಎದ್ದಾಗ ಮನೆಯೊಳಗೆ ಬರುವ ಧೂಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟು, 2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಬಾಗಿಲು ಹಾಕುವವರೆಗೆ ಅದಿರು ಅರೆದು, ಚಿನ್ನ ತೆಗೆದು ಸುರಿದ ಮಣ್ಣು ಅದು. ಸುಮಾರು 3.3 ಕೋಟಿ ಟನ್ ಇದೆ. ಇಂಥ 13 ದಿಬ್ಬಗಳಿರುವ 1,003.4 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಮಾತೆಲ್ಲ ಚಿನ್ನದ್ದೇ. ಆದರೆ ಅದೇ ಮಣ್ಣಿನಲ್ಲಿ ಷೀಲೈಟ್ ಎಂಬ ಖನಿಜವೂ ಇದೆ. ಅದರಿಂದ ಬರುವ ಲೋಹವೇ ಟಂಗ್‌ಸ್ಟನ್. ದೇಶದ ಟಂಗ್‌ಸ್ಟನ್ ಅದಿರಿನಲ್ಲಿ ಶೇ 42ರಷ್ಟು ಕರ್ನಾಟಕದ್ದು ಎನ್ನುತ್ತದೆ ಭಾರತೀಯ ಗಣಿ ಬ್ಯೂರೋ. ಅದರಲ್ಲಿ ಕೆಜಿಎಫ್ ಹೆಸರೇ ಮುಖ್ಯ.

ಟಂಗ್‌ಸ್ಟನ್ ಎಂದರೆ ಹಳೇ ಬಲ್ಬಿನ ತಂತಿ ಅಷ್ಟೇ ಅಲ್ಲ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿ ಬಂಡೆ ಕೊರೆಯುವ ಬೋರ್‌ವೆಲ್ ಬಿಟ್‌ನ ಹಲ್ಲುಗಳು ಟಂಗ್‌ಸ್ಟನ್ ಕಾರ್ಬೈಡ್‌ನವು. ಹಾರ್ಡ್‌ವೇರ್ ಅಂಗಡಿಯ ಗೋಡೆ ಕೊರೆಯುವ ಬಿಟ್‌ನ ತುದಿ, ಲೇತ್ ಅಂಗಡಿಯ ಕಟಿಂಗ್ ಟೂಲ್ ಕೂಡ ಅದೇ. ಟ್ಯಾಂಕ್ ಸೀಳುವ ಗುಂಡಿಗೂ ಬೇಕು. ದೊಡ್ಡ ದೇಶಗಳ ಕಣ್ಣು ಅದರ ಮೇಲಿರುವುದು ಅದಕ್ಕೇ.

ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್‌ನಲ್ಲಿ ಶೇ 80ರಷ್ಟು ಚೀನಾದ್ದು. ಅಮೆರಿಕ ಸುಂಕ ಹೆಚ್ಚಿಸಿದ್ದಕ್ಕೆ ಪ್ರತಿಯಾಗಿ 2025ರ ಫೆಬ್ರುವರಿ 4ರಂದು ಚೀನಾ ಟಂಗ್‌ಸ್ಟನ್ ಸೇರಿ ಐದು ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಏಪ್ರಿಲ್‌ನಲ್ಲಿ ಏಳು ‘ರೇರ್ ಅರ್ತ್’ ಲೋಹಗಳ ಸರದಿ. ಇಲ್ಲಿನ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳು ಮೋಟಾರಿನ ಮ್ಯಾಗ್ನೆಟ್‌ಗೆ ಪರದಾಡಿದವು. ರೇರ್ ಅರ್ತ್ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಕಡಲತೀರದ ಮರಳಿನಲ್ಲಿ. ಕೆಜಿಎಫ್‌ನ ಪಾಲಿಗೆ ಬರುವುದು ಟಂಗ್‌ಸ್ಟನ್. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಕೇಂದ್ರ 2023ರಲ್ಲಿ ಪಟ್ಟಿ ಮಾಡಿದ 30 ನಿರ್ಣಾಯಕ ಖನಿಜಗಳಲ್ಲಿ ಟಂಗ್‌ಸ್ಟನ್ ಇದೆ, ಚಿನ್ನ ಇಲ್ಲ. 2025ರ ಜನವರಿಯಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ₹16,300 ಕೋಟಿ ಇದ್ದು, ಗಣಿ ತ್ಯಾಜ್ಯದಿಂದ ಖನಿಜ ತೆಗೆಯುವುದಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದಾರೆ.

ಖರ್ಚಿನ ವಿಷಯಕ್ಕೆ ಬಂದರೆ, ದಿಬ್ಬಕ್ಕೆ ಒಂದು ಅನುಕೂಲ ಇದೆ. ಚಾಂಪಿಯನ್ ರೀಫ್ ಗಣಿಯಂತೆ 3 ಕಿ.ಮೀ. ಆಳಕ್ಕೆ ಇಳಿಯಬೇಕಿಲ್ಲ, ಬಂಡೆ ಒಡೆಯಬೇಕಿಲ್ಲ, ನೀರು ಎತ್ತಬೇಕಿಲ್ಲ. ಮಣ್ಣು ಆಗಲೇ ಪುಡಿಯಾಗಿ ಬಿದ್ದಿದೆ. ಆದರೆ ಟನ್ನಿಗೆ ಸಿಗುವ ಚಿನ್ನ ಒಂದು ಗ್ರಾಂ ಆಸುಪಾಸು, ಟಂಗ್‌ಸ್ಟನ್ ಅಂಶವೂ ತೀರಾ ಕಡಿಮೆ. ಎರಡನ್ನೂ ಒಟ್ಟಿಗೆ ತೆಗೆದರೆ ಗಿಟ್ಟೀತು. ಬರೀ ಟಂಗ್‌ಸ್ಟನ್ ನಂಬಿ ಯಾರೂ ಬಂಡವಾಳ ಹಾಕಲಿಕ್ಕಿಲ್ಲ.

ಇನ್ನೊಂದು ಅಪಾಯ ಬೆಲೆಯದು. ಮಾರುಕಟ್ಟೆಯ ಬಹುಪಾಲು ಯಾರ ಕೈಯಲ್ಲಿದೆಯೋ ಅವರು ಮಾಲು ತಡೆದರೆ ಬೆಲೆ ಏರುತ್ತದೆ, ಬಿಟ್ಟರೆ ಕುಸಿಯುತ್ತದೆ. ಹೋಲ್‌ಸೇಲ್‌ನವನು ದರ ಇಳಿಸಿದರೆ ಪಕ್ಕದ ಚಿಲ್ಲರೆ ಅಂಗಡಿ ಮುಚ್ಚಿದ ಹಾಗೆ. ಅಮೆರಿಕದ ಮೌಂಟನ್ ಪಾಸ್ ರೇರ್ ಅರ್ತ್ ಗಣಿ 2002ರಲ್ಲಿ ನಿಂತಿತ್ತು. ಮತ್ತೆ ತೆರೆದ ಮಾಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿ ಎದ್ದಿತು. ಪಾಠ ಕಲಿತ ಅಮೆರಿಕದ ರಕ್ಷಣಾ ಇಲಾಖೆ 2025ರಲ್ಲಿ ಅದೇ ಗಣಿಗೆ, ಬೆಲೆ ಬಿದ್ದರೂ ಕಿಲೋಗೆ ಕನಿಷ್ಠ 110 ಡಾಲರ್ ಸಿಗುವಂತೆ ಗ್ಯಾರಂಟಿ ಕೊಟ್ಟಿತು. ಕೆಜಿಎಫ್‌ಗೂ ಇಂಥ ಭರವಸೆ ಇಲ್ಲದಿದ್ದರೆ, ತೆರೆದ ಪ್ಲಾಂಟ್ ನಾಲ್ಕು ವರ್ಷಕ್ಕೆ ಮುಚ್ಚುವ ಭಯ ಇದ್ದೇ ಇರುತ್ತದೆ. 2001 ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಎಷ್ಟು ಸಿಕ್ಕೀತು? ದಿಬ್ಬದ ಕೆಲಸ ಹೆಚ್ಚಾಗಿ ಜೆಸಿಬಿ, ಟಿಪ್ಪರ್, ಪಂಪುಗಳದ್ದು. ಹಳೇ ಗಣಿಯಂತೆ ಸಾವಿರಾರು ಕೈ ಬೇಡ. ಬೆಳಿಗ್ಗೆ ಬೆಂಗಳೂರಿಗೆ ರೈಲು ಹಿಡಿಯುವವರ ಸಾಲು ಇದೊಂದರಿಂದ ಕರಗುವಂತಿಲ್ಲ. ಲಾರಿ, ವೆಲ್ಡಿಂಗ್, ಬಿಡಿಭಾಗ, ಹೋಟೆಲ್ ವ್ಯಾಪಾರಕ್ಕೆ ಬಂಗಾರಪೇಟೆವರೆಗೂ ಒಂದಷ್ಟು ಚೇತರಿಕೆ ಬರಬಹುದು.

ದಿಬ್ಬ ಕೆದಕಿದಾಗ ಏಳುವ ಧೂಳಿಗೆ ನೀರು ಯಾವುದು, ಮತ್ತೆ ಸೈನೈಡ್ ಬಳಸಿದರೆ ಉಳಿದ ಕೆಸರು ಎಲ್ಲಿಗೆ, ಟೆಂಡರ್‌ನಲ್ಲಿ ಚಿನ್ನದ ಜತೆ ಟಂಗ್‌ಸ್ಟನ್ ಹೆಸರೂ ಇರುತ್ತದೆಯೇ? ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಕೇಳಬೇಕಾದ ಪ್ರಶ್ನೆಗಳು ಇವೇ.